ಐಬಿಎಂ ಹೊರಟುಹೋದ ಮೇಲೆ ಕಂಪ್ಯೂಟರ್ ನೋಡ್ಕೊಂಡೋರು ಯಾರು?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆಯಿಂದ ಕೇಳ್ತಿರೋ ಕಾಲೇಜು ಹುಡುಗ ಹುಡುಗೀರಿಗೆ ಒಂದು ಪ್ರಶ್ನೆ. ನಿಮ್ಮ ಲ್ಯಾಬಿನ ಮೂಲೆಯಲ್ಲಿ ದಪ್ಪ ಮಾನಿಟರಿನ, ವಿಂಡೋಸ್ 98 ಇರೋ ಕಂಪ್ಯೂಟರ್ ಇದೆಯಾ? ಇದ್ರೆ ನಗಬೇಡಿ. ಪಕ್ಕದಲ್ಲಿರೋ ಲಕ್ಷಾಂತರ ರೂಪಾಯಿಯ ಯಂತ್ರ ಬಹುಶಃ ಅದರ ಮಾತು ಮಾತ್ರ ಕೇಳುತ್ತೆ.

ಇಂಥ ಎಷ್ಟೋ ಯಂತ್ರಗಳನ್ನ ಕಂಪ್ಯೂಟರಿಗೆ ಜೋಡಿಸೋ ಕಾರ್ಡು ಹಳೇ ಐಎಸ್‌ಎ ಸ್ಲಾಟಿನಲ್ಲೇ ಕೂರಬೇಕು. ಈಗಿನ ಸಾಮಾನ್ಯ ಮದರ್‌ಬೋರ್ಡುಗಳಲ್ಲಿ ಆ ಸ್ಲಾಟ್ ಇಲ್ಲ. ಸಾಫ್ಟ್‌ವೇರ್ ಕೂಡ ಹೊಸ ವಿಂಡೋಸಿನಲ್ಲಿ ಓಡಲ್ಲ. ಮಣ್ಣು, ನೀರು ಪರೀಕ್ಷೆ ಮಾಡೋ ಉಪಕರಣ ಗಟ್ಟಿಮುಟ್ಟಾಗೇ ಇರುತ್ತೆ, ಆದ್ರೆ ಕಂಪ್ಯೂಟರ್ ಕೈಕೊಟ್ಟರೆ ರೈತರ ರಿಪೋರ್ಟ್ ನಿಂತುಹೋಗುತ್ತೆ.

ಇದೇ ಥರದ ತಲೆನೋವು ಒಮ್ಮೆ ಇಡೀ ದೇಶಕ್ಕೆ ಬಂದಿತ್ತು. 1970ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದ್ರೆ ಐಐಎಸ್‌ಸಿಯಲ್ಲಿ, ಕಂಪ್ಯೂಟರ್ ಕೇಂದ್ರ ಶುರುವಾಯ್ತು. ಅಲ್ಲಿದ್ದದ್ದು ವಿಜ್ಞಾನದ ಲೆಕ್ಕಕ್ಕೆಂದೇ ಮಾಡಿದ ಐಬಿಎಂ 360/44. ಆಗ ದೇಶದ ತುಂಬ ಐಬಿಎಂ ಯಂತ್ರಗಳದ್ದೇ ಕಾರುಬಾರು. 1973ರ ವಿದೇಶಿ ವಿನಿಮಯ ಕಾಯ್ದೆ, ಇಲ್ಲಿನ ಕಂಪನಿಯಲ್ಲಿ ವಿದೇಶಿ ಪಾಲನ್ನ ಶೇ 40ಕ್ಕೆ ಇಳಿಸಿ ಅಂತು. ಐಬಿಎಂ ಒಪ್ಪಲಿಲ್ಲ. ಕೈಗಾರಿಕಾ ಸಚಿವರಾಗಿದ್ದ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಕೂಡ ಪಟ್ಟು ಸಡಿಲಿಸಲಿಲ್ಲ. 1978ರಲ್ಲಿ ಐಬಿಎಂ ಗಂಟುಮೂಟೆ ಕಟ್ತು. ಯಂತ್ರಗಳು ಇಲ್ಲೇ ಉಳಿದವು.

ಅವನ್ನೆಲ್ಲ ಎಸೆದು ಹೊಸದು ತರೋದು ಸುಲಭ ಇರಲಿಲ್ಲ. ಆಗ ಹೆಗಲು ಕೊಟ್ಟಿದ್ದು ಸಿಎಂಸಿ, ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್. ಸರ್ಕಾರ ಇದನ್ನ 1975ರಲ್ಲೇ ಕಟ್ಟಿತ್ತು. ಅದರ ಎಂಜಿನಿಯರುಗಳು ಬೇರೆಯವರು ಮಾಡಿದ ಯಂತ್ರಗಳನ್ನ ಕಲಿತು, ನೂರಾರು ಕಡೆ ನಡೆಸಿಕೊಂಡು ಹೋದ್ರು. ಆ ಕಂಪನಿ 2015ರಲ್ಲಿ ಟಿಸಿಎಸ್ ಜೊತೆ ಸೇರಿಹೋಯ್ತು.

ನನಗೆ ಇದರಲ್ಲಿ ದೊಡ್ಡದು ಅನ್ಸೋದು ಒಂದೇ. ರಿಪೇರಿಯೂ ಒಂದು ವಿದ್ಯೆ, ಅದಕ್ಕೊಂದು ಸಂಸ್ಥೆ ಬೇಕು ಅಂತ ಅವತ್ತು ಒಪ್ಪಿಕೊಂಡ್ರು. ಇವತ್ತು ಎಷ್ಟೋ ಲ್ಯಾಬಲ್ಲಿ ಆ ವಿದ್ಯೆ ಒಬ್ಬ ಟೆಕ್ನಿಷಿಯನ್ ತಲೆಯಲ್ಲಿ ಮಾತ್ರ ಇದೆ. ಅವರು ರಿಟೈರ್ ಆದ್ರೆ ಅದೂ ಅವರ ಜೊತೆಗೇ ಮನೆಗೆ ಹೋಗುತ್ತೆ.

ಹಾಗಾಗಿ ಅವರು ಇರುವಾಗಲೇ ಪಕ್ಕದಲ್ಲಿ ಕೂತು ಕಲೀರಿ. ಹಾರ್ಡ್ ಡಿಸ್ಕಿನ ಪೂರ್ತಿ ನಕಲು ತೆಗೆದಿಡಿ. ಸೆಟ್ಟಿಂಗ್‌ಗಳನ್ನ ನೋಟ್‌ಬುಕ್ಕಲ್ಲಿ ಬರೆದುಕೊಂಡು, ಆಮೇಲೆ ಮದರ್‌ಬೋರ್ಡಿನ ಬಿಲ್ಲೆಯಂಥ ಸೆಲ್ ಬದಲಾಯಿಸಿ. ಫ್ಲಾಪಿ ಸಿಗದಿದ್ರೆ, ಆ ಜಾಗದಲ್ಲಿ ಪೆನ್‌ಡ್ರೈವ್ ಹಾಕೋ ಎಮ್ಯುಲೇಟರ್ ಸಿಗುತ್ತೆ. ಇಂಟರ್‌ನೆಟ್ ಮಾತ್ರ ಕೊಡಬೇಡಿ. ವಿಂಡೋಸ್ ಎಕ್ಸ್‌ಪಿಗೇ 2014ರ ಏಪ್ರಿಲ್‌ನಲ್ಲಿ ಭದ್ರತಾ ಅಪ್‌ಡೇಟ್ ನಿಂತುಹೋಗಿದೆ.