ಗೇಟಿನಾಚೆಯ ನೀರು

2017ರ ಮಾತು. ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದು ಊರೆಲ್ಲ ಅದೇ ಸುದ್ದಿ. ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮಿಸ್, ನೀರಿಗೆ ಹೇಗೆ ಬೆಂಕಿ ಹತ್ತುತ್ತೆ?” ಎಂದಳು. ಇಪ್ಪತ್ತು ವರ್ಷ ಚರಿತ್ರೆ ಹೇಳಿಕೊಟ್ಟ ನನಗೆ ಉತ್ತರ ಹೊಳೆಯಲಿಲ್ಲ. “ನಾಳೆ ಹೇಳ್ತೀನಿ, ಕೂತ್ಕೋ” ಎಂದೆ.

ಹುಡುಕಿದರೆ ಉತ್ತರ ನನ್ನ ಪಾಠದಲ್ಲೇ ಇತ್ತು. ಬೆಂಗಳೂರಿಗೆ ದೊಡ್ಡ ಹೊಳೆಯಿಲ್ಲ. ಊರು ದಿಣ್ಣೆಯ ಮೇಲಿದೆ. ಸುರಿದ ಮಳೆ ಓಡಿಹೋಗದಂತೆ ಹಿಂದಿನವರು ತಗ್ಗುಗಳಿಗೆ ಏರಿ ಹಾಕಿ ಸಾಲುಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತಿತ್ತು. ತೂಬು ನೋಡಿಕೊಳ್ಳಲು ನೀರುಗಂಟಿ ಇದ್ದ. ಹೂಳನ್ನು ರೈತರೇ ಹೊಲಕ್ಕೆ ಹೇರುತ್ತಿದ್ದರು. ಕುಡಿಯುವ ನೀರಿನ ದಾರಿಗೆ ಯಾರು ತಾನೇ ಕಸ ಸುರಿದಾರು?

1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. ಆಮೇಲೆ 1933ರಲ್ಲಿ ತಿಪ್ಪಗೊಂಡನಹಳ್ಳಿಯದು, 1974ರಲ್ಲಿ ಕಾವೇರಿಯದು. ದೂರದ ನೀರು ಬಂದಂತೆಲ್ಲ ಹತ್ತಿರದ ಕೆರೆ ಬೇಡವಾಯಿತು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಉಳಿದವಕ್ಕೆ ರಾಜಕಾಲುವೆಯಲ್ಲಿ ಕೊಳಚೆ ಹರಿಯಿತು. ಬೆಳ್ಳಂದೂರಿನಲ್ಲಿ ಉರಿದದ್ದು ನೀರಲ್ಲ. ಕೊಳಚೆಯುಂಡು ಬೆಳೆದ ಕಳೆ, ಅದರೊಂದಿಗೆ ಕಸ.

ಅದೇ ಸಂಜೆ ನಮ್ಮ ಯಜಮಾನರು ಗೇಟಿನ ಮುಂದೆ ಸ್ಕೂಟರ್ ತೊಳೆಯುತ್ತಿದ್ದರು. ಸೋಪಿನ ನೊರೆ, ಅದರ ಮೇಲೆ ಕಾಮನಬಿಲ್ಲಿನಂತೆ ತೇಲುವ ಆಯಿಲ್, ಎಲ್ಲ ಮೋರಿಗೆ ಇಳಿಯುತ್ತಿತ್ತು. ಬೆಳಿಗ್ಗೆ ನಾನೇ ಅಂಗಳದ ಕಸವನ್ನು ಅದಕ್ಕೆ ತಳ್ಳಿದ್ದೆ. ಬಚ್ಚಲ ನೀರು ಒಳಚರಂಡಿ ಹಿಡಿದರೆ ಶುದ್ಧೀಕರಣ ಘಟಕಕ್ಕಾದರೂ ಹೋಗಬೇಕು. ರಸ್ತೆಯ ಮೋರಿ ಇರುವುದು ಮಳೆನೀರಿಗೆ, ಅದಕ್ಕೆ ಘಟಕವಿಲ್ಲ. ಮೊದಲ ಮಳೆಗೆ ಅದರಲ್ಲಿದ್ದದ್ದೆಲ್ಲ ನೇರ ಕೆರೆಗೆ. ನಮ್ಮ ಬಡಾವಣೆಯ ಮೋರಿ ಸೇರುವುದೂ ಬೆಳ್ಳಂದೂರನ್ನೇ.

ನನ್ನ ತಪ್ಪಿಗಿಂತ ಮೊದಲು ಕಂಡದ್ದು ಮೂಲೆಯ ಗ್ಯಾರೇಜು! ಬುದ್ಧಿ ಹೇಳಲು ಹೊರಟೆ. ಅವನು ನಕ್ಕ. “ಹಳೇ ಆಯಿಲ್ ಡಬ್ಬಿಗೆ ಹಿಡಿದಿಡ್ತೀನಿ ಟೀಚರ್, ಕೊಳ್ಳೋರಿದ್ದಾರೆ. ನೆಲಕ್ಕೆ ಚೆಲ್ಲಿದ್ರೆ ಮರದ ಹೊಟ್ಟು ಹಾಕಿ ಗುಡಿಸ್ತೀನಿ. ನಿಮ್ಮನೆ ಸೋಪು ನೀರೇ ದಿನಾ ನನ್ನ ಅಂಗಡಿ ಮುಂದೆ ಹರಿಯೋದು.” ನನ್ನಲ್ಲಿ ಮಾತಿರಲಿಲ್ಲ.

ಮರುದಿನ ತರಗತಿಯಲ್ಲಿ ಇದನ್ನೆಲ್ಲ ಹೇಳಿದೆ, ನಮ್ಮ ಮೋರಿಯ ಕಥೆಯನ್ನೂ ಬಿಡದೆ. ಹುಡುಗಿ ಕೇಳಿದಳು: “ಬೆಳ್ಳಂದೂರಿಂದ ಆ ನೀರು ಎಲ್ಲಿಗೆ ಹೋಗುತ್ತೆ ಮಿಸ್?” ವರ್ತೂರು ಕೆರೆ, ಅಲ್ಲಿಂದ ದಕ್ಷಿಣ ಪಿನಾಕಿನಿ, ಅಲ್ಲಿಂದ ತಮಿಳುನಾಡು ಎಂದೆ. “ಅಲ್ಲಿಯವರಿಗೆ ನಮ್ಮ ಮೋರಿ ಗೊತ್ತಾ?” ಎಂದಳು.

ಈಗ ಸ್ಕೂಟರ್‌ಗೆ ಒಂದು ಬಕೆಟ್ ನೀರು, ಒಂದು ಒದ್ದೆ ಬಟ್ಟೆ, ಸೋಪಿಲ್ಲ. ಅದೂ ತೆಂಗಿನ ಮರದ ಬಳಿ, ಮಣ್ಣಿನ ಮೇಲೆ. ಕಸವನ್ನು ಮೊರದಲ್ಲಿ ಎತ್ತುತ್ತೇನೆ. ಮುಂಗಾರಿಗೆ ಮುಂಚೆ ಮೋರಿಯ ಬಾಯಿ ಗುಡಿಸುತ್ತೇನೆ. “ಕಾರ್ಪೊರೇಷನ್ ಕೆಲಸ ನಿಮಗ್ಯಾಕೆ?” ಎಂದು ಪಕ್ಕದ ಮನೆಯವರು ಕೇಳಿದರು. ನೀರುಗಂಟಿಯ ಕೆಲಸ ಎಂದೆ. ಅವರಿಗೆ ಆ ಪದವೇ ಗೊತ್ತಿರಲಿಲ್ಲ.