ಕೀಲುನೋವಿಗೆ ಹೊಟ್ಟೆಯ ವಿಚಾರಣೆ

ಬೆಂಗಳೂರಿನ ವಿಜಯನಗರದ ಮೆಡಿಕಲ್ ಶಾಪ್‌ಗಳಲ್ಲಿ ಈಗ ‘ಒಳ್ಳೆ ಬ್ಯಾಕ್ಟೀರಿಯಾ’ದ ಪೊಟ್ಟಣಗಳು ನೋವಿನ ಮುಲಾಮಿನ ಪಕ್ಕದಲ್ಲೇ ಕೂತಿವೆ. ಅವನ್ನೇ ನಂಬಿ, ಸಂಧಿವಾತಕ್ಕೆ ವಾರಕ್ಕೊಮ್ಮೆ ನುಂಗಬೇಕಾದ ಮೆಥೊಟ್ರೆಕ್ಸೇಟ್ ಮಾತ್ರೆ ಬಿಟ್ಟು, ಬೆರಳು ಸೊಟ್ಟಗಾದ ಮೇಲೆ ಬರುವವರನ್ನು ಕಂಡು ಬೇಸತ್ತು ಇದನ್ನು ಬರೆಯುತ್ತಿದ್ದೇನೆ.

ಕರುಳಿಗೂ ಕೀಲಿಗೂ ನಂಟು ಹಾಕಿದ್ದು ನಿನ್ನೆ ಮೊನ್ನೆಯಲ್ಲ. ಆಯುರ್ವೇದದ ಮಾಧವನಿದಾನ ಹೇಳುವ ಆಮವಾತ ಎಂಬ ಕೀಲುರೋಗ ಹುಟ್ಟುವುದೇ ಮಂದಾಗ್ನಿಯಿಂದ, ಅಂದರೆ ಕುಂದಿದ ಜೀರ್ಣಶಕ್ತಿಯಿಂದ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಆರ್ಬತ್‌ನಾಟ್ ಲೇನ್ ಕೀಲುವಾತಕ್ಕೂ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆದರು; ಉಳಿದವರು ಹಲ್ಲು, ಟಾನ್ಸಿಲ್ ಕಿತ್ತರು. ಆ ಹುಚ್ಚು ಅಲ್ಲಿಗೇ ಇರಲಿ. ಆಮಶಂಕೆಯಾದ ಸೈನಿಕರ ಮಂಡಿ ಊದಿದ್ದನ್ನು 1916ರಲ್ಲಿ ಜರ್ಮನಿ, ಫ್ರಾನ್ಸ್ ಎರಡೂ ಕಡೆಯ ವೈದ್ಯರು ದಾಖಲಿಸಿದರಲ್ಲ, ಗಟ್ಟಿ ಸಾಕ್ಷಿ ಅದು.

ಸಂಧಿವಾತಕ್ಕೆ ಬ್ಯಾಕ್ಟೀರಿಯಾ ಕಾರಣವಿರಬಹುದೆಂದು ಸ್ವೀಡನ್ನಿನ ನಾನ್ನಾ ಸ್ವಾರ್ಟ್ಸ್ ಸಲ್ಫಾ ಮದ್ದಿಗೆ ಸ್ಯಾಲಿಸಿಲೇಟ್ ಬೆಸೆದು ಸಲ್ಫಾಸಲಜೀನ್ ಮಾಡಿಸಿದರು. ಆ ಕೇಸರಿ ಮಾತ್ರೆಯನ್ನು ನಾವು ಇಂದಿಗೂ ಬರೆಯುತ್ತೇವೆ. ಅದರ ಬೆಸುಗೆ ಬಿಡಿಸುವುದು ಕರುಳಿನ ಬ್ಯಾಕ್ಟೀರಿಯಾಗಳೇ ಎಂಬುದನ್ನು ಎಷ್ಟು ಜನ ರೋಗಿಗಳಿಗೆ ಹೇಳಿದ್ದೇವೋ!

ನಮ್ಮ ತಲೆಮಾರನ್ನು ಹಿಡಿದು ನಿಲ್ಲಿಸಿದ್ದು ಬೆಲ್ಜಿಯಂನ ಗೆಂಟ್ ಊರಿನ ಕೆಲಸ. 1980ರ ದಶಕದಲ್ಲಿ ಮೀಲಾಂಟ್ಸ್ ಮತ್ತು ವೈಸ್, ಬೆನ್ನುಮೂಳೆಯ ಉರಿಯೂತವಿದ್ದವರ ಕರುಳಿಗೆ ಕ್ಯಾಮೆರಾ ಇಳಿಸಿದರು. ಹೊಟ್ಟೆಯ ದೂರೇ ಇಲ್ಲದವರಲ್ಲೂ, ಅರ್ಧಕ್ಕೂ ಹೆಚ್ಚು ಮಂದಿಗೆ, ಕರುಳಿನಲ್ಲಿ ಉರಿಯೂತವಿತ್ತು. 1994ರಲ್ಲಿ ಟಾರೋಗ್ ತಂಡ ಈ ಬೆನ್ನುಮೂಳೆ ಕಾಯಿಲೆಗೆ ನಂಟಿರುವ ಎಚ್‌ಎಲ್‌ಎ-ಬಿ27 ಜೀನ್ ಹೊತ್ತ ಇಲಿಗಳನ್ನು ಸೂಕ್ಷ್ಮಾಣುಗಳೇ ಇಲ್ಲದ ಗೂಡಿನಲ್ಲಿ ಸಾಕಿತು. ಕರುಳೂ ಊದಲಿಲ್ಲ, ಕೀಲೂ ಊದಲಿಲ್ಲ. ಜೀನ್ ಒಂದೇ ಸಾಲದು ಎಂದು ಇದಕ್ಕಿಂತ ಚೆನ್ನಾಗಿ ಹೇಳಿದವರಿಲ್ಲ.

2013ರಲ್ಲಿ ನ್ಯೂಯಾರ್ಕ್ ತಂಡಕ್ಕೆ ಹೊಸ ಸಂಧಿವಾತ ರೋಗಿಗಳ ಪೈಕಿ ಶೇ. 75 ಮಂದಿಯಲ್ಲಿ ಪ್ರೆವೊಟೆಲ್ಲಾ ಕೊಪ್ರಿ ಎಂಬ ಕರುಳಿನ ಬ್ಯಾಕ್ಟೀರಿಯಾ ಸಿಕ್ಕಿತು, ಆರೋಗ್ಯವಂತರಲ್ಲಿ ಶೇ. 21. ಕಳ್ಳ ಸಿಕ್ಕಿಬಿದ್ದ ಎಂದು ಎಲ್ಲರೂ ಕುಣಿದರು. ಆದರೆ 2019ರ ಭೋಪಾಲ್–ಕೇರಳ ಅಧ್ಯಯನದಲ್ಲಿ ಸಸ್ಯಾಹಾರವೇ ಹೆಚ್ಚಿರುವ ಆರೋಗ್ಯವಂತ ಭಾರತೀಯರ ಹೊಟ್ಟೆಯಲ್ಲೂ ಪ್ರೆವೊಟೆಲ್ಲಾ ಧಾರಾಳ. ಅದೇ ವರ್ಷ ಕೊಪ್ರಿಯೊಳಗೇ ನಾಲ್ಕು ಕವಲುಗಳಿವೆ ಎಂದೂ ತಿಳಿಯಿತು. ಕೆಂಗೇರಿಯ ರಾಗಿಮುದ್ದೆ ಹೊಟ್ಟೆಗೆ ಅದು ಕಳ್ಳನೋ, ಮನೆಯವನೋ?

ಇದಕ್ಕೆ ಉತ್ತರ ನ್ಯೂಯಾರ್ಕಿನಲ್ಲಿ ಸಿಗದು, ನಮ್ಮೂರಿನ ರೋಗಿಗಳಲ್ಲೇ ಹುಡುಕಬೇಕು. ಆದರೆ ಇಲ್ಲಿ ನಾವು ತಡವಾಗಿ ಎದ್ದವರು. 2002ರಲ್ಲಿ ಡಾ. ಎಸ್. ಚಂದ್ರಶೇಖರ ಅವರ ಚನ್ರೆ ಸಂಧಿವಾತ ಚಿಕಿತ್ಸಾ ಕೇಂದ್ರ ಶುರುವಾಗುವ ಹೊತ್ತಿಗೆ, ಕೀಲುವಾತಕ್ಕೆ ಮೂಳೆ ಡಾಕ್ಟರಲ್ಲದೆ ಬೇರೆಯವರಿದ್ದಾರೆಂದೇ ರಾಜಾಜಿನಗರದ ಬಹಳ ಜನಕ್ಕೆ ಗೊತ್ತಿರಲಿಲ್ಲ. 2006ರಲ್ಲಿ ಚಿಕೂನ್‌ಗುನ್ಯಾ ಬಂದಾಗ ಎಲ್ಲ ಊತವನ್ನೂ ಅದರ ಲೆಕ್ಕಕ್ಕೇ ಬರೆದೆವು. ಈಗ ಬಸವೇಶ್ವರನಗರದ ಅಮ್ಮಂದಿರು ಇಪ್ಪತ್ತು ವರ್ಷದ ಫೈಲು ಹಿಡಿದು ಬರುತ್ತಾರೆ, ಜೊತೆಗೆ ಇನ್ನೂ ಕಾಯಿಲೆ ಬಾರದ ಮಗಳು. ಆ ಮಗಳ ಮಲದ ಸ್ಯಾಂಪಲ್ ಇಂದೇ ತೆಗೆದಿಟ್ಟು, ಹತ್ತು ವರ್ಷ ಬೆನ್ನುಹತ್ತುವ ಕೆಲಸಕ್ಕೆ ದೊಡ್ಡ ಯಂತ್ರಕ್ಕಿಂತ ಮೊದಲು ಬೇಕಾದ್ದು ಒಂದು ಫ್ರೀಜರ್ ಮತ್ತು ತಾಳ್ಮೆ.

ಅಲ್ಲಿಯವರೆಗೆ ಮಾತ್ರೆ ಬಿಡಬೇಡಿ. ಡಾಕ್ಟರು ಕೇಳದಿದ್ದರೂ ಹೊಟ್ಟೆಯ ಸಮಾಚಾರ ಹೇಳಿ.