ಹೆಬ್ಬೆರಳಿನ ಮೂರನೆಯ ಮೂಳೆ: ಒಂದು ಎಣಿಕೆಯ ಚರಿತ್ರೆ

ಇಂದಿನ ಅಂಗರಚನಾಶಾಸ್ತ್ರ ಹೆಗಲಿನಿಂದ ಬೆರಳ ತುದಿಯವರೆಗೆ ಒಂದು ಬದಿಗೆ 32 ಮೂಳೆಗಳನ್ನು ಎಣಿಸುತ್ತದೆ. ಹೆಗಲು, ತೋಳು, ಮುಂಗೈಗಳಿಗೆ ಸೇರಿದವು ಐದೇ. ಉಳಿದ 27 ಕೈಯಲ್ಲಿವೆ: ಮಣಿಕಟ್ಟಿನಲ್ಲಿ 8, ಅಂಗೈಯಲ್ಲಿ 5, ಬೆರಳುಗಳಲ್ಲಿ 14. ಹೆಬ್ಬೆರಳಿಗೆ ಎರಡು, ಮಿಕ್ಕ ಬೆರಳುಗಳಿಗೆ ಮೂರು ಮೂರು. ಹಳೆಯ ಗ್ರಂಥಗಳು ಈ ಹೆಬ್ಬೆರಳಿನ ವಿಷಯದಲ್ಲಿ ಒಮ್ಮತಕ್ಕೆ ಬಂದಿಲ್ಲ.

ಸುಶ್ರುತಸಂಹಿತೆಯ ಶಾರೀರಸ್ಥಾನ ಒಟ್ಟು 300 ಮೂಳೆಗಳನ್ನು ಹೇಳುತ್ತದೆ. ಒಂದು ಕಾಲಿಗೆ 30: ಬೆರಳಿಗೆ ಮೂರರಂತೆ 15, ಅಂಗಾಲು, ಕೂರ್ಚ (ಪಾದದ ಮೂಳೆಗಳ ಗೊಂಚಲು), ಗುಲ್ಫ (ಪಾದದ ಗಂಟು) ಸೇರಿ 10, ಹಿಮ್ಮಡಿ 1, ಕಣಕಾಲು 2, ಮೊಣಕಾಲು 1, ತೊಡೆ 1. ಇನ್ನೊಂದು ಕಾಲು ಮತ್ತು ಎರಡು ಕೈಗಳನ್ನೂ ಇದರಿಂದಲೇ ತಿಳಿಯಬೇಕು ಎಂದು ಗ್ರಂಥಕಾರ ಮುಂದೆ ಸಾಗುತ್ತಾನೆ. ಕೈಗೆ ಪ್ರತ್ಯೇಕ ಎಣಿಕೆಯೇ ಇಲ್ಲ. ಶವವನ್ನು ಹುಲ್ಲಿನಲ್ಲಿ ಸುತ್ತಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಿ, ಪದರ ಪದರವಾಗಿ ಉಜ್ಜಿ ನೋಡುವ ವಿಧಾನವನ್ನು ವಿವರಿಸಿದ ಗ್ರಂಥವೂ ಇದೇ. ಅಂಥ ಕಣ್ಣಿಗೆ ಹೆಬ್ಬೆರಳಿನ ಗೆಣ್ಣು ಕಾಣದೇ ಹೋಯಿತೆಂದು ನಾನು ನಂಬಲಾರೆ. ಕಾಲಿನ ಲೆಕ್ಕ ಕೈಗೆ ಹೊಂದಬೇಕೆಂಬ ಸಮತೆಯ ನಿಯಮ ಇಲ್ಲಿ ಮೇಲುಗೈ ಪಡೆದಿದೆ ಎನಿಸುತ್ತದೆ.

ಚರಕಸಂಹಿತೆಯ 360ರಲ್ಲಿ ಹಲ್ಲು, ಉಗುರುಗಳೂ ಸೇರಿವೆ. ಅಲ್ಲಿ ಕೈಕಾಲು ಬೆರಳುಗಳಿಗೆ 60 ಮೂಳೆ, ಅವುಗಳ ಹಿಂದಿನ ಶಲಾಕೆಗಳು, ಅಂದರೆ ಅಂಗೈ ಅಂಗಾಲುಗಳ ಕಡ್ಡಿಯಂಥ ಮೂಳೆಗಳು, 20. ಹಾಗಾದರೆ ಹೆಬ್ಬೆರಳಿನ ಸಾಲಿನಲ್ಲಿ ನಾಲ್ಕಾಗುತ್ತವೆ, ಇರುವುದು ಮೂರು. ರೋಮಿನ ಸೆಲ್ಸಸ್ ಕ್ರಿ.ಶ. 1ನೆಯ ಶತಮಾನದಲ್ಲಿ ಬರೆದದ್ದೂ ಹೀಗೆಯೇ: ಅಂಗೈಗೆ ಐದು, ಪ್ರತಿ ಬೆರಳಿಗೂ ಮೂರು. ಭಾರತದ ಎಣಿಕೆಗಳನ್ನು 1907ರಲ್ಲಿ ಆಕ್ಸ್‌ಫರ್ಡ್‌ನಿಂದ ಪುಸ್ತಕವಾಗಿ ತಂದ ರುಡಾಲ್ಫ್ ಹರ್ನ್ಲೆ ಅವುಗಳನ್ನು ಆಧುನಿಕ ಎಣಿಕೆಯೊಡನೆ ಹೋಲಿಸಿ ನೋಡಿದರು. ಆ ಶ್ರಮಕ್ಕೆ ನಾವು ಋಣಿಗಳು.

ಗ್ರೀಕ್ ವೈದ್ಯ ಗ್ಯಾಲೆನ್ 2ನೆಯ ಶತಮಾನದಲ್ಲಿ ಬೇರೆ ದಾರಿ ಹಿಡಿದ. ಹೆಬ್ಬೆರಳಿನ ಬುಡದ ಮೂಳೆ ಮಣಿಕಟ್ಟಿನ ಮೇಲೆ ಸಲೀಸಾಗಿ ಆಡುತ್ತದೆ, ಅಂಗೈಯ ಉಳಿದ ಮೂಳೆಗಳಂತೆ ಬಿಗಿದುಕೊಂಡಿಲ್ಲ. ಆದ್ದರಿಂದ ಅದು ಬೆರಳಿನದೇ ಎಂದ. ಅಂಗೈಗೆ ನಾಲ್ಕು, ಬೆರಳುಗಳಿಗೆ 15. ಒಟ್ಟು 27 ಕೆಡಲಿಲ್ಲ. ತೋಳಿನ ಮೂಳೆ ತೊಡೆಯೆಲುಬಿನ ನಂತರ ಅತಿ ಉದ್ದದ್ದು ಎಂಬ ಗ್ಯಾಲೆನ್‌ನ ಮಾತನ್ನು ಅಂಗರಚನಾಶಾಸ್ತ್ರಜ್ಞ ವೆಸೇಲಿಯಸ್ 1543ರಲ್ಲಿ ಅಳೆದು ತಿದ್ದಿದ. ಕಣಕಾಲಿನ ಎರಡೂ ಮೂಳೆಗಳು ಅದಕ್ಕಿಂತ ಉದ್ದ. ಆದರೆ ಹೆಬ್ಬೆರಳಿನ ಲೆಕ್ಕದಲ್ಲಿ ಆತನೂ ಗ್ಯಾಲೆನ್‌ನ ಪಕ್ಷ.

ಈ ಪಕ್ಷಕ್ಕೆ ಇನ್ನೊಂದು ಆಧಾರ ಬೆಳೆಯುವ ಮಕ್ಕಳ ಕೈಯಲ್ಲಿದೆ. ಅಂಗೈಯ ನಾಲ್ಕು ಮೂಳೆಗಳು ಉದ್ದವಾಗುವ ಮೃದ್ವಸ್ಥಿ ಫಲಕ ಬೆರಳಿನ ಕಡೆಯ ತುದಿಯಲ್ಲಿರುತ್ತದೆ. ಬೆರಳಿನ ಮೂಳೆಗಳಲ್ಲಿ ಅದು ಬುಡದಲ್ಲಿರುತ್ತದೆ. ವಿವಾದದ ಮೂಳೆಯಲ್ಲೂ ಸಾಮಾನ್ಯವಾಗಿ ಬುಡದಲ್ಲೇ. ಮಗುವಿನ ಕೈಯ ಎಕ್ಸ್‌ರೇಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಪಠ್ಯಪುಸ್ತಕಗಳು ಮಾತ್ರ ಅದನ್ನು ಅಂಗೈಯ ಮೊದಲ ಮೂಳೆ ಎಂದೇ ಎಣಿಸುತ್ತವೆ.